ಓವರ್‌ಹಾಲ್ ಬೇರೆ, ರೀಕಂಡಿಷನ್ ಬೇರೆ

ಬದಿಯಡ್ಕದ ತೋಟದ ಡೀಸೆಲ್ ಪಂಪಿನ ಎಸ್ಟಿಮೇಟಿನಲ್ಲಿ ಓವರ್‌ಹಾಲ್, ರೀಕಂಡಿಷನ್ ಎರಡೂ ಇವೆ, ಒಂದೇ ಕೆಲಸಕ್ಕೆ ಎರಡು ಸಲ ದುಡ್ಡಾ ಎಂದು ಕೇಳಿದ್ದೀರಿ. ಅಲ್ಲ, ಎರಡೂ ಬೇರೆ. ಇಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಅಳತೆ ಹಿಡಿದು, ಸವೆದದ್ದನ್ನು ಬದಲಿಸಿ ಜೋಡಿಸುವುದು ಓವರ್‌ಹಾಲ್. ನಮ್ಮ ಕಡೆ ‘ಓವರಾಯಿಲ್’ ಅನ್ನುವವರೂ ಇದ್ದಾರೆ, ಆದರೆ ಆಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಓವರ್‌ಹಾಲ್ ಎಂಬ ಪದ ಹಡಗಿನ ಹಗ್ಗ ಎಳೆದು ಸಡಿಲಿಸುವ ಮಾತಿನಿಂದ ಬಂದದ್ದು.

ರೀಕಂಡಿಷನ್ ಅಂದರೆ ಸವೆದ ಭಾಗವನ್ನೇ ಪುನಃ ಬಳಕೆಗೆ ತರುವುದು. ಕ್ರ್ಯಾಂಕ್ ಜರ್ನಲನ್ನು, ಅಂದರೆ ಕ್ರ್ಯಾಂಕ್‌ಶಾಫ್ಟಿನಲ್ಲಿ ಬೇರಿಂಗಿನೊಳಗೆ ತಿರುಗುವ ದುಂಡು ಭಾಗವನ್ನು, 0.25 ಮಿ.ಮೀ. ಗ್ರೈಂಡ್ ಮಾಡಿ ಸಣ್ಣದಾಗಿಸಿದರೆ ಬೇರಿಂಗೂ 0.25 ಅಂಡರ್‌ಸೈಜಿನದ್ದೇ, ಅಂದರೆ ಒಳ ಅಳತೆ ಅಷ್ಟೇ ಕಿರಿದಾದದ್ದೇ ಬೇಕು. ಸ್ಟ್ಯಾಂಡರ್ಡ್ ಬೇರಿಂಗ್ ಕೂರಿಸಿದರೆ ಸಂದು ಹೆಚ್ಚಿ ಆಯಿಲ್ ಪ್ರೆಶರ್ ಬೀಳುತ್ತದೆ, ಇಂಜಿನ್ ಬಡಿಯತೊಡಗುತ್ತದೆ. ಹಾಗಾಗಿ ಬರೀ ‘ರೀಕಂಡಿಷನ್’ ಎಂದು ಬರೆಸಿಕೊಳ್ಳಬೇಡಿ. ಯಾವ ಭಾಗ, ಎಷ್ಟು ಗ್ರೈಂಡಿಂಗ್, ಯಾವ ಸೈಜಿನ ಬೇರಿಂಗ್ ಎಂದು ಬಿಲ್ಲಿನಲ್ಲೇ ಬರೆಸಿ.