ದವಡೆ ಕೀಲು ನೋವಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಕಡಿಮೆಯಾಗುತ್ತಾ?

ನೀವು ಕೇಳಿರುವುದು ಇಷ್ಟು: ಕೆಲವು ತಿಂಗಳಿಂದ ಬಲಗಿವಿಯ ಮುಂದೆ ನೋವು, ಬಾಯಿ ತೆರೆದರೆ ಟಕ್ ಅಂತ ಸದ್ದು, ಬೆಳಗ್ಗೆ ಎದ್ದಾಗ ಕೆನ್ನೆಯೆಲ್ಲ ಬಿಗಿ. ದಂತವೈದ್ಯರು ನೋಡಿ, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತಿಲ್ಲ, ಅದಕ್ಕೇ ಕೀಲು ನೋಯುತ್ತಿದೆ, ಎರಡು ವರ್ಷ ಕ್ಲಿಪ್ ಹಾಕಿದರೆ ಹೋಗುತ್ತದೆ ಅಂದಿದ್ದಾರೆ. ಹಾಕಿಸಿಕೊಳ್ಳಲಾ ಅಂತ ನಿಮ್ಮ ಪ್ರಶ್ನೆ.

ಬರೀ ನೋವಿಗೋಸ್ಕರ ಆದರೆ ಬೇಡ. ನಾನು ಆರ್ಥೊಡಾಂಟಿಸ್ಟ್, ಕ್ಲಿಪ್ ಹಾಕುವುದೇ ನನ್ನ ಹೊಟ್ಟೆಪಾಡು. ಆದರೂ ಇದೇ ಕಾರಣ ಹೇಳಿಕೊಂಡು ಬರುವವರನ್ನು ನಾನು ಮೊದಲು ಫಿಸಿಯೋಥೆರಪಿಗೆ ಕಳಿಸುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಉದ್ದ ಆಗಬಹುದು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಗುಂಡಗೆ ಏನೋ ಜಾರಿದ ಹಾಗೆ ಸಿಗುತ್ತದೆ ಅಲ್ವಾ, ಅದು ಕೆಳದವಡೆಯ ತುದಿ. ಅದಕ್ಕೂ ಬುರುಡೆಯ ಗುಳಿಗೂ ಮಧ್ಯೆ ಒಂದು ಪುಟ್ಟ ಡಿಸ್ಕ್, ಅಂದರೆ ಮೆತ್ತೆಯಂಥ ಬಿಲ್ಲೆ ಇರುತ್ತದೆ. ಬಾಯಿ ತೆರೆಯುವಾಗ ದವಡೆ ಮೊದಲು ಇದ್ದಲ್ಲೇ ತಿರುಗುತ್ತದೆ, ಆಮೇಲೆ ಡಿಸ್ಕಿನ ಜೊತೆ ಮುಂದಕ್ಕೆ ಜಾರುತ್ತದೆ. ಡಿಸ್ಕ್ ಮೊದಲೇ ಸ್ವಲ್ಪ ಮುಂದೆ ಸರಿದು ಕೂತಿದ್ದರೆ, ದವಡೆಯ ತುದಿ ಅದರ ಅಂಚನ್ನು ಹತ್ತಿ ದಾಟಬೇಕು. ಆ ಟಕ್ ಸದ್ದು ಅದೇ. ನೋವಿಲ್ಲದ ಬರೀ ಸದ್ದು ತುಂಬಾ ಜನಕ್ಕೆ ಇರುತ್ತದೆ, ಅದಕ್ಕೆ ಚಿಕಿತ್ಸೆಯೇ ಬೇಕಿಲ್ಲ. ಸದ್ದು ನಿಲ್ಲಿಸಲು ಅಂತ ಏನನ್ನೂ ಮಾಡಿಸಬೇಡಿ.

ಇನ್ನು ನೋವು. ಹೆಚ್ಚಿನವರಲ್ಲಿ ಅದು ಕೀಲಿಗಿಂತ ಜಾಸ್ತಿ ಸ್ನಾಯುವಿನದು, ಅಂದರೆ ಕೆನ್ನೆಯಲ್ಲಿ ಮತ್ತು ಕಣತಲೆಯಲ್ಲಿ ಇರುವ ಅಗಿಯುವ ಸ್ನಾಯುಗಳದು. ಬೆಳಗ್ಗೆ ಬಿಗಿ ಅಂದಿರಲ್ಲ, ಅದೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ಊಟ, ನುಂಗುವುದು ಎಲ್ಲ ಸೇರಿಸಿದರೂ ಆರೋಗ್ಯವಾಗಿರುವವರ ಹಲ್ಲುಗಳು ದಿನಕ್ಕೆ ಒಂದು ಗಂಟೆಯೂ ಒಂದಕ್ಕೊಂದು ತಾಗಿರುವುದಿಲ್ಲ. ಆದರೆ ಕಂಪ್ಯೂಟರ್ ಮುಂದೆ ಕೂತು, ಗಾಡಿ ಓಡಿಸುತ್ತಾ, ಯಾರ ಮೇಲೋ ಸಿಟ್ಟು ನುಂಗಿಕೊಂಡು ಹಲ್ಲು ಕಚ್ಚಿ ಹಿಡಿಯುವವರ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ರಾತ್ರಿ ಹಲ್ಲು ಕಡಿಯುವುದು ಹುಟ್ಟುವುದೂ ಮಿದುಳಲ್ಲಿ, ನಿದ್ದೆ ಅರೆಬರೆ ಎಚ್ಚರಕ್ಕೆ ಬರುವ ಹೊತ್ತಲ್ಲಿ. ಸೊಟ್ಟ ಹಲ್ಲಿನಿಂದ ಅದು ಬರುವುದಿಲ್ಲ, ಹಲ್ಲು ನೆಟ್ಟಗಾದರೆ ನಿಲ್ಲುವುದೂ ಇಲ್ಲ.

ಹಾಗಾದರೆ ಹಲ್ಲು ಕೂಡದಿರುವುದೇ ಕಾರಣ ಅನ್ನುವ ಮಾತು ಎಲ್ಲಿಂದ ಬಂತು? ಇದು ಹಳೇ ಕಥೆ. 1934ರಲ್ಲಿ ಅಮೆರಿಕದ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ಹಿಂಬದಿಯ ಹಲ್ಲುಗಳು ಉದುರಿದವರಲ್ಲಿ ದವಡೆ ಹಿಂದಕ್ಕೆ ಕುಸಿದು ಕಿವಿಯ ಸುತ್ತ ಒತ್ತುತ್ತದೆ, ಅದರಿಂದ ಕಿವಿನೋವು, ತಲೆನೋವು ಬರುತ್ತದೆ ಅಂತ ಬರೆದರು. ಅಂಗರಚನೆ ಬಲ್ಲವರು ಆಮೇಲೆ ಈ ವಿವರಣೆಯನ್ನು ಒಪ್ಪಲಿಲ್ಲ. ಆದರೆ ಹಲ್ಲು ಸರಿಮಾಡಿದರೆ ಕೀಲು ಸರಿಹೋಗುತ್ತದೆ ಅನ್ನುವ ಯೋಚನೆ ಮಾತ್ರ ದಂತವೈದ್ಯರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹಲ್ಲು ಉಜ್ಜಿ ಸಮ ಮಾಡಿದರು, ಕ್ಯಾಪ್ ಹಾಕಿದರು, ಕ್ಲಿಪ್ ಹಾಕಿದರು. 1987ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇದು ಉಲ್ಟಾ ಹೊಡೆಯಿತು. ಕ್ಲಿಪ್ ಹಾಕಿದ್ದರಿಂದಲೇ ಕೀಲು ನೋವು ಬಂತು ಅಂತ ರೋಗಿಯೊಬ್ಬರು ಕೇಸ್ ಹಾಕಿದರು, ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ನಮ್ಮ ವೃತ್ತಿಯವರಿಗೆ ಆಗ ಬಿಸಿ ಮುಟ್ಟಿತು, ಸಾಲು ಸಾಲಾಗಿ ಅಧ್ಯಯನಗಳಾದವು. ಒಟ್ಟಾರೆ ಸಿಕ್ಕ ಉತ್ತರ ಎರಡೂ ಕಡೆಯವರಿಗೆ ನಿರಾಸೆ ತಂದಿತು: ಕ್ಲಿಪ್ಪಿನಿಂದ ಈ ನೋವು ಬರುವುದೂ ಇಲ್ಲ, ಹೋಗುವುದೂ ಇಲ್ಲ.

2010ರಲ್ಲಿ ಕಾಕ್ರೇನ್ ತಂಡ (ಚಿಕಿತ್ಸೆಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡುವ ಅಂತಾರಾಷ್ಟ್ರೀಯ ಸಂಸ್ಥೆಯವರು) ಈ ಪ್ರಶ್ನೆಯನ್ನೇ ಇಟ್ಟುಕೊಂಡು ಪ್ರಯೋಗಗಳನ್ನು ಹುಡುಕಿತು. ಕೀಲು ನೋವಿಗೆ ಕ್ಲಿಪ್ ಚಿಕಿತ್ಸೆ ಕೆಲಸ ಮಾಡುತ್ತದೆ ಅಂತಾಗಲಿ, ಮಾಡುವುದಿಲ್ಲ ಅಂತಾಗಲಿ ಹೇಳುವಷ್ಟು ಸರಿಯಾಗಿ ನಡೆಸಿದ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ. ಯೋಚಿಸಿ, ಎರಡು ವರ್ಷದ ಚಿಕಿತ್ಸೆಗೆ ಆಧಾರ ಇಷ್ಟೇ. 2023ರಲ್ಲಿ ಬಿಎಂಜೆ ಅನ್ನುವ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ಬಲವಾಗಿ ಹೇಳಿದ್ದು ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ಮತ್ತು ಕತ್ತಿನ ಭಂಗಿಯ ವ್ಯಾಯಾಮ, ಸ್ನಾಯುಗಳನ್ನು ಕೈಯಿಂದ ಒತ್ತಿ ಸಡಿಲಿಸುವುದು, ನೋವನ್ನು ನಿಭಾಯಿಸುವ ಮಾತಿನ ಚಿಕಿತ್ಸೆ ಇಂಥವನ್ನು. ಹಲ್ಲು ಕೂಡುವ ರೀತಿಯನ್ನು ಶಾಶ್ವತವಾಗಿ ಬದಲಿಸುವ ಸ್ಪ್ಲಿಂಟ್ (ಹಲ್ಲಿನ ಮೇಲೆ ಕೂರಿಸುವ ಕವಚ) ಬೇಡವೇ ಬೇಡ ಅಂದಿದೆ.

"ನಮ್ಮ ಅಕ್ಕನಿಗೆ ಕ್ಲಿಪ್ ಹಾಕಿಸಿದ ಮೇಲೆ ಹೋಯ್ತು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಈ ನೋವಿನ ಸ್ವಭಾವವೇ ಏರಿಳಿತ, ಜೋರಾಗಿದ್ದಾಗ ವೈದ್ಯರ ಹತ್ತಿರ ಹೋಗುತ್ತೇವೆ, ಆಮೇಲೆ ಅದು ಹೇಗೂ ಇಳಿಯುತ್ತದೆ, ಎರಡು ವರ್ಷದಲ್ಲಂತೂ ಬಹಳಷ್ಟು ಜನಕ್ಕೆ ಏನೂ ಮಾಡದೆಯೇ ಇಳಿದಿರುತ್ತದೆ. ಇನ್ನೊಂದು ತಮಾಷೆ ಇದೆ. ತಂತಿ ಬಿಗಿ ಮಾಡಿದಾಗ ಹಲ್ಲೇ ನೋಯುವುದರಿಂದ ಕಚ್ಚಿ ಹಿಡಿಯಲು ಮನಸ್ಸೇ ಬರುವುದಿಲ್ಲ, ಸ್ನಾಯುಗಳಿಗೆ ಸ್ವಲ್ಪ ದಿನ ರಜೆ. ಹಲ್ಲುನೋವು ಹೋದ ಮೇಲೆ ಅಭ್ಯಾಸ ವಾಪಸ್.

ಎಲ್ಲಕ್ಕಿಂತ ಮುಖ್ಯ, ನನಗೆ ನಿಜಕ್ಕೂ ತಲೆಬಿಸಿ ಮಾಡುವ ವಿಷಯ ಇದು. ಎಷ್ಟೋ ಸಲ ಹಲ್ಲು ಸರಿಯಾಗಿ ಕೂಡದಿರುವುದು ಕಾರಣ ಅಲ್ಲ, ಪರಿಣಾಮ. ಕೀಲಿನಲ್ಲಿ ಊತ ಇದ್ದರೆ, ಸ್ನಾಯು ಹಿಡಿದುಕೊಂಡಿದ್ದರೆ ದವಡೆ ಒಂದು ಕಡೆ ವಾಲುತ್ತದೆ, ಹಲ್ಲು ನಿನ್ನೆ ಕೂಡಿದ ಹಾಗೆ ಇವತ್ತು ಕೂಡುವುದಿಲ್ಲ. ಕೀಲಿನ ಮೂಳೆ ಸವೆಯುತ್ತಿದ್ದರೆ ಮುಂದಿನ ಹಲ್ಲುಗಳ ನಡುವೆ ನಿಧಾನಕ್ಕೆ ಸಂದಿ ಬೀಳುತ್ತದೆ. ಆಗ ಅಳತೆ ತೆಗೆದು ಕ್ಲಿಪ್ ಹಾಕುವುದು, ಉಳುಕಿ ಊದಿದ ಕಾಲಿಗೆ ಚಪ್ಪಲಿ ಅಳತೆ ಕೊಟ್ಟ ಹಾಗೆ. ಊತ ಇಳಿದರೆ ಅಳತೆ ತಪ್ಪು. ಸವೆತ ನಡೆಯುತ್ತಲೇ ಇದ್ದರೆ, ಸರಿ ಮಾಡಿದ ಹಲ್ಲು ಮತ್ತೆ ಕೆಡುತ್ತದೆ. ಹಾಗಾಗಿ ನಿಮ್ಮ ಹಲ್ಲು ಇತ್ತೀಚೆಗಷ್ಟೇ ಕೂಡದ ಹಾಗಾಗಿದೆಯಾ, ಮೊದಲಿಂದಲೂ ಹೀಗೇ ಇತ್ತಾ ಅನ್ನುವುದನ್ನು ನೆನಪು ಮಾಡಿಕೊಂಡು ಹೇಳಿ. ಹಳೇ ಫೋಟೋಗಳು ಸಹಾಯ ಮಾಡುತ್ತವೆ.

ಈಗ ಏನು ಮಾಡಬೇಕು? ಮೊದಲು ದವಡೆಗೆ ವಿಶ್ರಾಂತಿ. ತುಟಿ ಮುಚ್ಚಿರಲಿ, ಹಲ್ಲು ತಾಗದಿರಲಿ. "ನ" ಅನ್ನುವಾಗ ನಾಲಿಗೆಯ ತುದಿ ಎಲ್ಲಿ ತಾಗುತ್ತದೋ ಅಲ್ಲೇ ಹಗುರವಾಗಿ ಇಟ್ಟುಕೊಳ್ಳಿ, ಹಲ್ಲು ತಾನೇ ಬಿಡಿಸಿಕೊಳ್ಳುತ್ತದೆ. ಫೋನಿನಲ್ಲಿ ಗಂಟೆಗೊಂದು ನೆನಪು ಹಾಕಿಕೊಂಡರೆ ಒಳ್ಳೆಯದು, ಯಾಕೆಂದರೆ ಕಚ್ಚಿ ಹಿಡಿದಿದ್ದೇವೆ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ವಾರ ಮೆತ್ತನೆಯದನ್ನು ತಿನ್ನಿ, ಚೂಯಿಂಗ್ ಗಮ್ ಬಿಡಿ, ಆಕಳಿಸುವಾಗ ಗಲ್ಲಕ್ಕೆ ಕೈ ಕೊಡಿ. ಕೆನ್ನೆಗೆ ಬಿಸಿ ಬಟ್ಟೆಯ ಶಾಖ ಕೊಡಿ. ನೋವಿನ ಮಾತ್ರೆ ಬೇಕಾದರೆ ವೈದ್ಯರನ್ನು ಕೇಳಿ, ಸ್ವಲ್ಪ ದಿನಕ್ಕೆ ಮಾತ್ರ. ಜೊತೆಗೆ ದವಡೆ ನೋವು ನೋಡಿ ಅಭ್ಯಾಸ ಇರುವ ಫಿಸಿಯೋಥೆರಪಿಸ್ಟ್ ಹುಡುಕಿ. ಸುಮ್ನೆ ವಿಡಿಯೋ ನೋಡಿಕೊಂಡು ಬಾಯಿ ಎಳೆದಾಡಬೇಡಿ.

ನೈಟ್ ಗಾರ್ಡ್ ಅಥವಾ ಸ್ಪ್ಲಿಂಟ್ ಬಗ್ಗೆ ಎಚ್ಚರಿಕೆಯ ಮಾತು. ಎಲ್ಲ ಹಲ್ಲನ್ನೂ ಮುಚ್ಚುವ ಗಟ್ಟಿ ಗಾರ್ಡನ್ನು ರಾತ್ರಿ ಮಾತ್ರ ಹಾಕಿಕೊಂಡರೆ ಹಲ್ಲು ಸವೆಯುವುದು ತಪ್ಪುತ್ತದೆ. ನೋವಿಗೆ ಅದು ದೊಡ್ಡ ಮದ್ದೇನಲ್ಲ, ಕೆಲವರಿಗೆ ಹಾಯ್ ಅನ್ನಿಸುತ್ತದೆ ಅಷ್ಟೇ. ಆದರೆ ಕೆಲವೇ ಹಲ್ಲುಗಳನ್ನು ಮುಚ್ಚುವ, ಅಥವಾ ದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಗಾರ್ಡನ್ನು ಹಗಲೂ ರಾತ್ರಿ ತಿಂಗಳುಗಟ್ಟಲೆ ಹಾಕಿದರೆ ಹಲ್ಲುಗಳು ಜಾಗ ಬಿಡುತ್ತವೆ. ಹಿಂದಿನ ಹಲ್ಲು ಕೂಡುವುದೇ ನಿಲ್ಲುತ್ತದೆ. ಆಮೇಲೆ "ನೋಡಿ, ಸಂದಿ ಬಂದಿದೆ, ಈಗ ಕ್ಲಿಪ್ ಹಾಕಲೇಬೇಕು" ಅನ್ನುತ್ತಾರೆ! ಮೊದಲು ಸ್ಪ್ಲಿಂಟ್, ಎರಡನೇ ಹಂತದಲ್ಲಿ ಕ್ಲಿಪ್ ಅಂತ ಶುರುವಿನಲ್ಲೇ ಪ್ಯಾಕೇಜ್ ಹೇಳಿದರೆ ಎದ್ದು ಬನ್ನಿ, ಇನ್ನೊಬ್ಬರ ಅಭಿಪ್ರಾಯ ಕೇಳಿ.

ಕ್ಲಿಪ್ಪೇ ಬೇಡ ಅಂತಲ್ಲ. ಹಲ್ಲು ಇಕ್ಕಟ್ಟಾಗಿದ್ದರೆ, ಕೆಳಗಿನ ಹಲ್ಲು ಅಂಗುಳಕ್ಕೆ ಚುಚ್ಚುತ್ತಿದ್ದರೆ, ಅಗಿಯಲು ಕಷ್ಟ ಇದ್ದರೆ, ಅಥವಾ ನಗು ಚೆನ್ನಾಗಿರಲಿ ಅಂತಿದ್ದರೂ ಹಾಕಿಸಿ. ಅದು ಬೇರೆ ಲೆಕ್ಕ. ಆದರೆ ನೋವು ಕೆಲವು ತಿಂಗಳು ಶಾಂತವಾಗಿದ್ದ ಮೇಲೆ ಶುರು ಮಾಡಿ. ಕೀಲು ತೊಂದರೆ ಇದೆ ಅಂತ ಮೊದಲೇ ಹೇಳಿ, ಬಾಯಿ ತುಂಬಾ ಹೊತ್ತು ತೆರೆಸದೆ ಮಧ್ಯೆ ಬಿಡುವು ಕೊಡಲಿ. ನಡುವೆ ನೋವು ಮತ್ತೆ ಬಂದರೆ ರಬ್ಬರ್ ಬ್ಯಾಂಡ್ ನಿಲ್ಲಿಸಿ ಕಾಯುತ್ತೇವೆ. ಕ್ಲಿಪ್ಪಿನ ಬೆಲೆ ಬರೀ ಹಣದ್ದಲ್ಲ ಅನ್ನುವುದೂ ಗೊತ್ತಿರಲಿ: ಬೇರಿನ ತುದಿ ಸ್ವಲ್ಪ ಕರಗಬಹುದು, ಉಜ್ಜದಿದ್ದರೆ ಬಿಳಿ ಕಲೆ ಬೀಳುತ್ತದೆ, ಹಲ್ಲು ವಾಪಸ್ ಸರಿಯದಂತೆ ಹಿಡಿದಿಡುವ ರಿಟೈನರ್ ವರ್ಷಗಟ್ಟಲೆ ಹಾಕಬೇಕು.

ಕೆಲವಕ್ಕೆ ಕಾಯಬಾರದು. ಸದ್ದು ಇದ್ದಕ್ಕಿದ್ದಂತೆ ನಿಂತು ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ಡಿಸ್ಕ್ ಸಿಕ್ಕಿಕೊಂಡಿರಬಹುದು, ಆ ವಾರವೇ ತೋರಿಸಿ. ಮುಖ ಊದಿ ಜ್ವರ ಬಂದರೆ, ಕೆನ್ನೆ ಜೋಮು ಹಿಡಿದರೆ ತಡ ಮಾಡಬೇಡಿ. 50 ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಸೇರಿ ಬಂದರೆ ಅದು ರಕ್ತನಾಳದ ಉರಿಯೂತ ಇರಬಹುದು, ಅದೇ ದಿನ ಆಸ್ಪತ್ರೆಗೆ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋಯ್ದರೆ ಹೃದಯ ನೋಡಿಸಿ.

ಮುಂದಿನ ಸಲ ಆ ವೈದ್ಯರ ಹತ್ತಿರ ಹೋದಾಗ, ನೋವು ಸ್ನಾಯುವಿನದಾ, ಡಿಸ್ಕಿನದಾ, ಮೂಳೆಯದಾ ಅಂತ ನೇರವಾಗಿ ಕೇಳಿ. ಕೆನ್ನೆ, ಕಣತಲೆ ಒತ್ತಿ ನೋಡದೆ, ಬಾಯಿ ಎಷ್ಟು ತೆರೆಯುತ್ತದೆ ಅಂತ ಅಳೆಯದೆ, ಬರೀ ಎಕ್ಸ್‌ರೇ ತೋರಿಸಿ ಉತ್ತರ ಹೇಳಿದರೆ ಒಪ್ಪಬೇಡಿ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ, ಅದಕ್ಕೆ ಎಂಆರ್‌ಐ ಬೇಕು, ಅದೂ ಎಲ್ಲರಿಗೂ ಬೇಕಾಗುವುದಿಲ್ಲ. ಕೊನೆಗೆ ಇದನ್ನೂ ಕೇಳಿ: ಕ್ಲಿಪ್ ತೆಗೆದ ಮೇಲೂ ನೋವು ಹಾಗೇ ಇದ್ದರೆ ಆಮೇಲೆ ಏನು ಮಾಡುತ್ತೀರಿ?