ಬಾಡಿಗೆ ಮನೆ ಬಿಡುವಾಗ ಸೀಬೆ ಗಿಡ ಕಿತ್ತು ಒಯ್ಯಬಹುದಾ?

ಎರಡು ವರ್ಷದ ಸೀಬೆ ಗಿಡ, ಎದೆಮಟ್ಟಕ್ಕೆ ಬಂದಿದೆ, ಜುಲೈ ಕೊನೆಗೆ ಮನೆ ಖಾಲಿ ಮಾಡಬೇಕು ಅಂದಿದ್ದೀರಿ. ಒಯ್ಯಬಹುದು. ಇನ್ನೂ ಆರು ವಾರ ಇದೆ ಅಲ್ವಾ, ಕೆಲಸ ಇವತ್ತೇ ಶುರು ಮಾಡಿ. ಲಾರಿ ಬಂದು ನಿಂತ ದಿನ ಹಾರೆ ಹುಡುಕಬೇಡಿ.

ನಾನು ಆ ತಪ್ಪು ಮಾಡಿದ್ದೇನೆ. ಮೈಸೂರಿನಿಂದ ಹಾಸನಕ್ಕೆ ಮನೆ ಬದಲಿಸಿದ್ದು ಏಪ್ರಿಲ್‌ನಲ್ಲಿ. ದಾಳಿಂಬೆ ಗಿಡವನ್ನು ಬೆಳಿಗ್ಗೆ ಎದ್ದು ಕಿತ್ತು, ಬಕೆಟ್‌ನಲ್ಲಿಟ್ಟು, ತೆರೆದ ಲಾರಿಯಲ್ಲಿ ಬೀರುವಿಗೂ ಮಂಚಕ್ಕೂ ನಡುವೆ ನಿಲ್ಲಿಸಿದೆವು. ಹಾಸನ ಮುಟ್ಟುವಷ್ಟರಲ್ಲಿ ಎಲೆಗಳು ಹಪ್ಪಳ ಆಗಿದ್ದವು. ಬೇರಿನ ಮಣ್ಣೆಲ್ಲ ದಾರಿಯಲ್ಲೇ ಉದುರಿತ್ತು, ಉಳಿದದ್ದನ್ನು ಗಾಳಿ ಒಣಗಿಸಿತ್ತು. ಬದುಕಲಿಲ್ಲ.

ಎರಡನೇ ಸಲ ಸೀಬೆ, ಮಳೆಗಾಲದಲ್ಲಿ. ಬುಡದಿಂದ ಒಂದಡಿ ದೂರಕ್ಕೆ ಸುತ್ತ ಗೆರೆ ಎಳೆದು, ಚೂಪಾದ ಸಲಿಕೆಯಿಂದ ಅರ್ಧ ಸುತ್ತು ನೇರ ಕೆಳಕ್ಕೆ ಬೇರು ಕತ್ತರಿಸಿದೆ, ಉಳಿದರ್ಧ ಹದಿನೈದು ದಿನ ಬಿಟ್ಟು. ಸಂದಿಗೆ ಹಳೇ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನೀರು ಹಾಕುತ್ತಿದ್ದೆ. ಕತ್ತರಿಸಿದ ಕಡೆ ಕೂದಲಿನಂಥ ಬೇರು ಬರುತ್ತದೆ, ನೀರು ಕುಡಿಯುವುದು ಅದೇ. ಹೊರಡುವ ಹಿಂದಿನ ಸಂಜೆ ಚೆನ್ನಾಗಿ ನೀರು ಹಾಕಿ, ಬೆಳಿಗ್ಗೆ ಗೆರೆಗಿಂತ ಸ್ವಲ್ಪ ಆಚೆ ಅಗೆದು, ಹೆಂಟೆ ಒಡೆಯದ ಹಾಗೆ ಅಡಿಗೆ ಒದ್ದೆ ಗೋಣಿಚೀಲ ತೂರಿಸಿ, ಹುರಿಹಗ್ಗದಿಂದ ಬಿಗಿಯಾಗಿ ಕಟ್ಟಿದೆವು. ಗೋಣಿ ಹಿಡಿದೇ ಎತ್ತಬೇಕು, ಕಾಂಡ ಹಿಡಿದು ಎತ್ತಬೇಡಿ. ಕೊಂಬೆಗಳಲ್ಲಿ ಮೂರನೇ ಒಂದು ಪಾಲು ಕತ್ತರಿಸಿ, ಕಾಯಿ ಇದ್ದರೆ ಕಿತ್ತುಹಾಕಿ (ಹೊಟ್ಟೆ ಉರಿಯುತ್ತದೆ, ಗೊತ್ತು). ಮೇಲೆ ಒದ್ದೆ ಬಟ್ಟೆ ಸುತ್ತಿ.

ಹೊಸ ಗುಂಡಿಯಲ್ಲಿ ಮೊದಲಿದ್ದಷ್ಟೇ ಆಳಕ್ಕೆ ನೆಡಿ, ಕಸಿ ಗಿಡವಾದರೆ ಕಸಿಗಂಟು ಮಣ್ಣಿನ ಮೇಲೇ ಇರಲಿ. ಚಿಗುರು ಬರುವ ತನಕ ರಾಸಾಯನಿಕ ಗೊಬ್ಬರ ಬೇಡವೇ ಬೇಡ. ನಾನು ನಾಲ್ಕು ಕೋಲು ನೆಟ್ಟು ಹಳೇ ಪಂಚೆ ಕಟ್ಟಿ ನೆರಳು ಮಾಡಿದ್ದೆ. ಆದರೂ ಎಲೆಯೆಲ್ಲ ಉದುರಿತು. ದಿನಾ ಉಗುರಿನಿಂದ ತೊಗಟೆ ಕೆರೆದು ನೋಡುವುದು, ಒಳಗೆ ಹಸಿರಿದ್ದರೆ ಸಮಾಧಾನ. ಮೂರು ವಾರ ಆದಮೇಲೆ ಅಕ್ಕಿಕಾಳಿನಷ್ಟು ಚಿಗುರು ಕಂಡಿತು.

ಇಷ್ಟೆಲ್ಲ ಮಾಡಿದರೂ ಸಾಯಬಹುದು. ಅದಕ್ಕೇ ಇವತ್ತೇ ಒಂದು ಗೂಟಿ ಕಟ್ಟಿಡಿ, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಉಂಗುರದಂತೆ ತೊಗಟೆ ತೆಗೆದು, ನೀರಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಒತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಕಟ್ಟಿ. ಮಳೆಗಾಲದಲ್ಲಿ ಐದಾರು ವಾರಕ್ಕೆ ಪ್ಲಾಸ್ಟಿಕ್ ಒಳಗೆ ಬೇರು ಕಾಣುತ್ತದೆ. ಕತ್ತರಿಸಿ ಕುಂಡಕ್ಕೆ ಹಾಕಿಕೊಂಡು ಹೋಗಿ.

ಮತ್ತೆ, ಗಿಡ ನೀವೇ ನೆಟ್ಟಿದ್ದರೂ ಓನರ್‌ಗೆ ಮೊದಲೇ ಒಂದು ಮಾತು ಹೇಳಿ. ನಮ್ಮ ಓನರಮ್ಮ, 'ತಗೊಂಡು ಹೋಗಿ, ಆದರೆ ಗುಂಡಿ ಮುಚ್ಚಿ ಅಲ್ಲೊಂದು ಕರಿಬೇವು ನೆಟ್ಟು ಹೋಗಿ' ಅಂದರು. ನೆಟ್ಟು ಬಂದೆವು.