ತಿಪ್ಪೆಗೆ ಹೋದ ಎರಡು ಒಬ್ಬೆ

ಸಣ್ಣದಾಗಿ ಶುರುಮಾಡಿ ಈಗ ಬೆಳೆಯುತ್ತಿರುವ ಉದ್ಯಮಗಳ ಮಾಲೀಕರು ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದರೆ ವ್ಯಾಪಾರದ ಮಾತೇ ಎತ್ತುವುದಿಲ್ಲ. ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿದೆ ಅನ್ನುತ್ತಾರೆ. ಬಿ.ಪಿ. ಬಂದಿದೆ, ಡಾಕ್ಟರು ಟೆನ್ಷನ್ ಕಮ್ಮಿ ಮಾಡಿಕೊಳ್ಳಿ ಅಂದರು ಅನ್ನುತ್ತಾರೆ. ಎರಡು ಮೂರು ಸಲ ಕೂತು ಮಾತಾಡಿದ ಮೇಲೆ ಕೆಲಸದ ಜಾಗದ ಸುದ್ದಿ ಹೊರಬರುತ್ತದೆ. ಹೀಗೆ ಬಂದವರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವರಿದ್ದಾರೆ, ಗ್ಯಾರೇಜಿನವರಿದ್ದಾರೆ, ಬಟ್ಟೆ ಹೊಲಿಸುವವರಿದ್ದಾರೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಕಥೆ. ಇದೊಂದು ಪ್ರಕರಣ ಮಾತ್ರ ನನ್ನನ್ನು ಜಾಸ್ತಿ ಕಾಡಿತು. ಇದರಲ್ಲಿ ನಾನು ಕೊಟ್ಟ ಸಲಹೆಯಲ್ಲೂ ಒಂದು ತಪ್ಪಿತ್ತು.

ಕೆಲಸದವರೆಲ್ಲ ಅವರನ್ನು ಅಕ್ಕ ಅಂತ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಊರು ಹೇಳುವುದಿಲ್ಲ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದೇನೆ.

ಅಕ್ಕನದು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಉದ್ಯಮ. ಹನ್ನೊಂದು ವರ್ಷದ ಹಿಂದೆ ಮನೆಯ ಅಡುಗೆಮನೆಯಲ್ಲಿ, ಅಕ್ಕಪಕ್ಕದವರ ಆರ್ಡರಿಂದ ಶುರುವಾದದ್ದು. ಈಗ ಶೆಡ್ಡು, 14 ಜನ ಹೆಂಗಸರು, ಸಣ್ಣ ಆಹಾರ ಉದ್ಯಮಗಳಿಗಾಗಿ ಕೇಂದ್ರ ತಂದ ಪಿ.ಎಂ.ಎಫ್.ಎಂ.ಇ. ಯೋಜನೆಯಲ್ಲಿ ತೆಗೆದ ಸಾಲ. ಕೇಂದ್ರದ ಶೇ. 35 ಸಹಾಯಧನ, ಅದರ ಮೇಲೆ ರಾಜ್ಯದ ಶೇ. 15. ಹಿಟ್ಟು ಕಲಸುವ ಯಂತ್ರ ಅದರಲ್ಲೇ ಬಂತು. "ಜನರನ್ನು ನಡೆಸೋದು ಹೇಗೆ ಅಂತ ಯಾರಾದ್ರೂ ಹೇಳಿಕೊಟ್ರಾ?" ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟರು.

ನನ್ನ ಬಳಿ ಬಂದದ್ದು ಒಂದು ಸೌಟಿನ ದೆಸೆಯಿಂದ. ಗೋಕುಲಾಷ್ಟಮಿಗೆ ಮೂರು ದಿನ ಇತ್ತು. ಚಕ್ಕುಲಿ ಮಾಡುವವರಿಗೆ ವರ್ಷದಲ್ಲಿ ಅದಕ್ಕಿಂತ ದೊಡ್ಡ ವಾರ ಇಲ್ಲ. ಒಂಬತ್ತು ವರ್ಷದಿಂದ ಜೊತೆಗಿರುವ ಹೆಂಗಸೊಬ್ಬರು ಕರಿಯುತ್ತಿದ್ದ ಒಂದು ಬಾಣಲೆ ಚಕ್ಕುಲಿ ಕೆಂಪಾಗಿಹೋಯಿತು. ಅಕ್ಕ ಅವರ ಕೈಯಿಂದ ಜಾಲರಿ ಸೌಟು ಕಿತ್ತುಕೊಂಡು ಎಸೆದರು. ಯಾರಿಗೂ ತಾಗಲಿಲ್ಲ. ಗೋಡೆಗೆ ಬಡಿದು ಬಿತ್ತು. ಗೋಡೆ ಮೇಲೆ ಎಣ್ಣೆಯ ಕಲೆ ಇನ್ನೂ ಇದೆಯಂತೆ. ಮಾರನೇ ದಿನದಿಂದ ಆ ಹೆಂಗಸು ಕೆಲಸಕ್ಕೆ ಬರಲಿಲ್ಲ.

"ನಂಗೆ ಕೋಪ ಜಾಸ್ತಿ ಆಗಿದೆ ಮೇಡಂ, ಇದಕ್ಕೆ ಏನಾದ್ರೂ ಮಾಡಿ" ಅಂತ ಬಂದರು. ನಾನೂ ಮೊದಲ ಎರಡು ಭೇಟಿ ಕೋಪದ ಹಿಂದೆಯೇ ಬಿದ್ದೆ. ಉಸಿರಾಟ, ನಿದ್ದೆ, ರಾತ್ರಿ ಫೋನ್ ದೂರ ಇಡುವುದು. ತಪ್ಪೇನೂ ಅಲ್ಲ, ಆದರೆ ಅದರಿಂದ ಕೆಲಸ ಆಗಲಿಲ್ಲ. ಎರಡನೇ ಭೇಟಿಯ ಮುಕ್ಕಾಲು ಗಂಟೆಯಲ್ಲಿ ಅವರ ಫೋನ್ ಏಳು ಸಲ ಬಡಿದುಕೊಂಡಿತು. ಒಮ್ಮೆ ಪ್ಯಾಕಿಂಗ್ ಟೇಪ್ ಎಲ್ಲಿದೆ ಅಂತ. ಇನ್ನೊಮ್ಮೆ ಎಳ್ಳು ಎಷ್ಟು ಹಾಕಲಿ ಅಂತ. ಆಗ ಹೊಳೆಯಿತು.

ಒಂದು ಕೆಲಸ ಕೊಟ್ಟು ಕಳಿಸಿದೆ. ಎರಡು ಡಬ್ಬಿ ಇಟ್ಟುಕೊಳ್ಳಿ. ಯಾರಾದರೂ ಬಂದು ಏನಾದರೂ ಕೇಳಿದರೆ ಒಂದು ಹುಣಸೆ ಬೀಜ ಈ ಡಬ್ಬಿಯಿಂದ ಆ ಡಬ್ಬಿಗೆ. ಬೇರೇನೂ ಬದಲಾಯಿಸಬೇಡಿ.

ಮೂರನೇ ಭೇಟಿಗೆ ಬೀಜಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡೇ ಬಂದರು. ಮೇಜಿನ ಮೇಲೆ ಸುರಿದರು. ಒಂದೇ ದಿನದ್ದು, 63.

"ನೋಡಿ ಮೇಡಂ, ನಾನು ಇಲ್ದಿದ್ರೆ ಒಂದು ಕೆಲ್ಸಾನೂ ನಡೆಯಲ್ಲ."

ಸುಸ್ತಾದ ದನಿಯೇನೋ ಹೌದು. ಆದರೆ ಮುಖದಲ್ಲಿ ಒಂದು ಸಣ್ಣ ಹೆಮ್ಮೆಯೂ ಇತ್ತು. ಈ ಹೆಮ್ಮೆಯನ್ನು ನಾನು ಬಹಳ ಜನರಲ್ಲಿ ನೋಡಿದ್ದೇನೆ. ಅದನ್ನು ಮೊದಲ ದಿನವೇ ಬೆರಳು ಮಾಡಿ ತೋರಿಸಿದರೆ ಎದ್ದು ಹೋಗುತ್ತಾರೆ. ಅದಕ್ಕೇ ಸುಮ್ನೆ ಕೇಳಿದೆ: ಇದರಲ್ಲಿ ಎಷ್ಟು ಪ್ರಶ್ನೆಗೆ ಅವರೇ ಉತ್ತರ ಹೇಳಬಹುದಿತ್ತು?

"ಟೇಪು, ರಜೆ, ಡಬ್ಬ ಅಂಥವನ್ನ ಬಿಡಿ. ಹದ ಇದೆಯಲ್ಲ, ಅದನ್ನ ಹೇಳಿಕೊಡೋಕಾಗಲ್ಲ ಮೇಡಂ. ಅದು ಕೈಗೆ ಬರಬೇಕು."

"ನಿಮ್ಮ ಕೈಗೆ ಯಾವಾಗ ಬಂತು?"

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂದು ಬೀಜವನ್ನು ಮೇಜಿನ ಮೇಲೆ ಉರುಳಿಸುತ್ತಾ ಕೂತರು. ಆಮೇಲೆ ಹೇಳಿದ್ದನ್ನು ಆದಷ್ಟು ಅವರ ಮಾತಲ್ಲೇ ಬರೆಯುತ್ತೇನೆ.

"ನಮ್ಮತ್ತೆ ಕೈಯದು ಊರಿಗೇ ಹೆಸರಾದ ಚಕ್ಕುಲಿ. ಮದುವೆಯಾಗಿ ಮೂರು ವರ್ಷ ನಂಗೆ ಹಿಟ್ಟು ಮುಟ್ಟೋಕೆ ಬಿಟ್ಟಿರ್ಲಿಲ್ಲ. ಅಕ್ಕಿ ತೊಳಿ, ನೆರಳಲ್ಲಿ ಹರಡು, ಉದ್ದು ಹುರಿ, ಮಿಲ್ಲಿಗೆ ಹೋಗು, ಇಷ್ಟೇ. ಒಂದ್ಸಲ ಅವರ ಅಣ್ಣ ತೀರಿಕೊಂಡ್ರು ಅಂತ ಫೋನ್ ಬಂತು, ಹೊರಟುಬಿಟ್ರು. ಮಾರನೇ ದಿನಕ್ಕೆ ಒಬ್ಬರ ಮನೆ ನಾಮಕರಣಕ್ಕೆ ಐದು ಸೇರಿನ ಚಕ್ಕುಲಿ ಒಪ್ಪಿಕೊಂಡಾಗಿತ್ತು. ನಾನೇ ಕೂತೆ. ಮೊದಲನೇ ಒಬ್ಬೆ ಎಣ್ಣೇಲಿ ಬಿಚ್ಚಿಕೊಂಡು ಪುಡಿಪುಡಿ ಆಯ್ತು. ಎರಡನೇದು ಕಲ್ಲು. ಯಾರಾದ್ರೂ ನೋಡಿಬಿಟ್ರೆ ಅಂತ ಎರಡನ್ನೂ ಸೆರಗಲ್ಲಿ ತಗೊಂಡು ಹೋಗಿ ಹಿತ್ತಲ ತಿಪ್ಪೇಲಿ ಹೂತುಬಿಟ್ಟೆ. ಮೂರನೇದು ಬಂತು. ಹೇಗೆ ಬಂತು ಅಂತ ಗೊತ್ತಿಲ್ಲ, ಬಂತು."

"ಅತ್ತೆ ಏನಂದ್ರು?"

"ವಾಪಸ್ ಬಂದವರು ಒಂದು ಮುರಿದು ಬಾಯಿಗೆ ಹಾಕಿಕೊಂಡ್ರು. ಏನೂ ಅನ್ನಲಿಲ್ಲ. ಮುಂದಿನ ಹಬ್ಬಕ್ಕೆ ಚಕ್ಕುಲಿ ಒರಳು ತಂದು ನನ್ನ ಮುಂದೆ ಇಟ್ರು. ಅವರಿಗೆ ಗೊತ್ತಿತ್ತು ಅನ್ಸುತ್ತೆ ಮೇಡಂ. ತಿಪ್ಪೆ ಸುತ್ತ ಕಾಗೆ ಕೂತಿದ್ವಲ್ಲ."

ಇಬ್ಬರೂ ನಕ್ಕೆವು. ನಗುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಂತರು.

"ನಮ್ಮ ಶೆಡ್ಡಲ್ಲಿ ತಿಪ್ಪೇನೇ ಇಲ್ಲ ಅಲ್ವಾ ಮೇಡಂ?"

ಇಷ್ಟು ಚೆನ್ನಾಗಿ ನಾನು ಹೇಳಲಾರೆ. ಅವರ ಶೆಡ್ಡಲ್ಲಿ ಕೆಡಿಸಿದ್ದನ್ನು ಹೂತಿಡಲು ಜಾಗವೇ ಇರಲಿಲ್ಲ. ಕೆಡಿಸಿದರೆ ಅಕ್ಕ ನೋಡುತ್ತಾರೆ, ನೋಡಿದರೆ ಸೌಟು ಹಾರುತ್ತದೆ. ಹಾಗಾಗಿ ಕೆಡುವ ಮೊದಲೇ ಎಲ್ಲರೂ ಬಂದು ಕೇಳುತ್ತಾರೆ. 63 ಬೀಜ ಬಂದದ್ದು ಹಾಗೆ. ಕೇಳಿ ಮಾಡುವವರಿಗೆ ಹದ ಯಾವತ್ತೂ ಕೈಗೆ ಬರುವುದಿಲ್ಲ. ಹದ ಬರಲಿಲ್ಲ ಅಂತ ಅಕ್ಕ ಇನ್ನಷ್ಟು ಹತ್ತಿರ ನಿಲ್ಲುತ್ತಾರೆ.

ಹದವನ್ನು ಹೇಳಿಕೊಡೋಕಾಗಲ್ಲ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲಿಲ್ಲ. ಜಪಾನಿನ ಮಾತ್ಸುಶಿತಾ ಕಂಪನಿಯವರು 1985ರ ಹೊತ್ತಿಗೆ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಿದ್ದರು. ಬ್ರೆಡ್ಡು ಹೊರಗೆ ಸೀದು, ಒಳಗೆ ಬೇಯದೆ ಉಳಿಯುತ್ತಿತ್ತು. ಇಕುಕೊ ತನಾಕಾ ಅನ್ನುವ ಸಾಫ್ಟ್‌ವೇರ್ ತಂತ್ರಜ್ಞೆ ಒಸಾಕಾದ ಒಂದು ಹೋಟೆಲಿನ ಮುಖ್ಯ ಬ್ರೆಡ್ ತಯಾರಕರ ಹತ್ತಿರ ಹಿಟ್ಟು ನಾದುವುದನ್ನು ಕಲಿಯಲು ಕೂತರು. ಆತ ಹಿಟ್ಟನ್ನು ಎಳೆಯುವುದಷ್ಟೇ ಅಲ್ಲ, ಎಳೆಯುವಾಗ ತಿರುಚುತ್ತಾನೆ ಅನ್ನುವುದು ಕಣ್ಣಿಗೆ ಬಿತ್ತು. ಆತ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಯಂತ್ರದೊಳಗೆ ಏಣು ಕೂರಿಸಿ ಆ ತಿರುಚುವಿಕೆ ತಂದರು, ಬ್ರೆಡ್ಡು ಸರಿಯಾಯಿತು.

ಅಕ್ಕನಿಗೆ ಈ ಕಥೆ ಹೇಳಿ, ಹಿಟ್ಟು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಮೊದಲು "ಗೊತ್ತಾಗುತ್ತೆ" ಅಂದರು. ಬಿಡಲಿಲ್ಲ. ಆಮೇಲೆ ಒಂದೊಂದೇ ಬಂತು. ಹಿಟ್ಟನ್ನು ಹುರಿ ಮಾಡಿ ಬೆರಳಿಗೆ ಸುತ್ತಬೇಕು. ಸೀಳು ಬಿಟ್ಟರೆ ನೀರು ಸಾಲದು, ಬೆರಳಿಗೆ ಮೆತ್ತಿದರೆ ಜಾಸ್ತಿ. ಬಿಸಿ ಎಣ್ಣೆ ಜಾಸ್ತಿ ಬಿದ್ದರೆ ಬಾಣಲೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಚೂರು ಹಿಟ್ಟು ಹಾಕಿದ ತಕ್ಷಣ ಮೇಲೆ ಬಂದರೆ ಎಣ್ಣೆ ಕಾದಿದೆ. ಚಕ್ಕುಲಿ ಬಿಟ್ಟ ಮೇಲೆ ಕಣ್ಣಿಗಿಂತ ಕಿವಿ ಮುಖ್ಯ. ನೊರೆ ಇಳಿದು ಚರಚರ ಸದ್ದು ಅಡಗಿತು ಅಂದರೆ ತೆಗೆಯಬೇಕು. ಇಪ್ಪತ್ತು ನಿಮಿಷದಲ್ಲಿ ಒಂದು ಹಾಳೆ ತುಂಬಿತು. ಹನ್ನೊಂದು ವರ್ಷದಲ್ಲಿ ಇದನ್ನು ಯಾರಿಗಾದರೂ ಹೇಳಿದ್ದೀರಾ ಅಂದೆ. "ಕೇಳಿದವರೇ ಇಲ್ವಲ್ಲ" ಅಂದರು. ಅರ್ಧ ಹದ ಈ ಹಾಳೆಯಲ್ಲಿದೆ, ಉಳಿದರ್ಧ ತಿಪ್ಪೆಯಲ್ಲಿ. ಎರಡೂ ಬೇಕು.

ಕೊಟ್ಟ ಸಲಹೆ ಹೀಗೆ. ವಾರಕ್ಕೆ ನಾಲ್ಕು ಕಿಲೋ ಹಿಟ್ಟು ಕೆಡಿಸಲಿಕ್ಕೆ ಅಂತಲೇ ಇಡಿ, ಲೆಕ್ಕದ ಪುಸ್ತಕದಲ್ಲಿ ನಷ್ಟ ಅಂತ ಬರೆಯದೆ ಕಲಿಕೆ ಅಂತ ಬರೆಯಿರಿ. ಹಿಟ್ಟು, ಎಣ್ಣೆ, ಗ್ಯಾಸು ಸೇರಿ 800 ರೂಪಾಯಿ ಆಗುತ್ತದೆ ಅಂತ ಅವರೇ ಬೆರಳೆಣಿಸಿ ಹೇಳಿದರು. ಹಿಟ್ಟಿನ ಹೊಣೆ ಒಬ್ಬರದು, ಬಾಣಲೆ ಒಬ್ಬರದು, ತೂಕ ಮತ್ತು ತಾರೀಖು ಒಬ್ಬರದು. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆವರೆಗೆ ಅಕ್ಕ ಶೆಡ್ಡಿನ ಒಳಗೆ ಕಾಲಿಡಬಾರದು.

ಮತ್ತೊಂದು, ಸೌಟಿನ ಲೆಕ್ಕ ತೀರಿಸಬೇಕು. ಅಕ್ಕ ಒಂದು ಒಳ್ಳೆ ಸೀರೆ ತಂದಿಟ್ಟಿದ್ದರು. ಆ ಹೆಂಗಸಿನ ಮನೆಗೆ ಹೋಗಿ ಕೊಟ್ಟು ಕರೆದುಕೊಂಡು ಬರುವ ಯೋಚನೆ. ಬೇಡ ಅಂದೆ. ಹದಿನಾಲ್ಕು ಜನರ ಮುಂದೆ ಮಾಡಿದ ಅವಮಾನಕ್ಕೆ ಅದೇ ಜನರ ಮುಂದೆ ತಪ್ಪಾಯಿತು ಅನ್ನಬೇಕು. ಸೀರೆ ಕೊಟ್ಟರೆ ಆಕೆ ಬೇಡ ಅನ್ನಲಾರಳು, ಸುಮ್ಮನಾಗುತ್ತಾಳೆ. ಸುಮ್ಮನಾದದ್ದನ್ನು ಕ್ಷಮಿಸಿದ್ದು ಅಂದುಕೊಳ್ಳುತ್ತೇವೆ. ನನ್ನ ಜೊತೆಯ ಸಲಹೆಗಾರರೊಬ್ಬರು ಇದನ್ನು ಒಪ್ಪಲಿಲ್ಲ. ಕೆಲಸದವರ ಮುಂದೆ ಮಾಲೀಕರು ತಗ್ಗಿದರೆ ಮಾತಿಗೆ ಬೆಲೆ ಉಳಿಯುವುದಿಲ್ಲ ಅಂದರು. ಸೌಟು ಎಸೆದಾಗಲೇ ಬೆಲೆ ಹೋಗಿದೆ, ಇನ್ನೇನು ಹೋಗುವುದಿದೆ ಅನ್ನುವುದು ನನ್ನ ವಾದ. ಇವತ್ತಿಗೂ ಅದೇ.

ಇನ್ನೊಂದು ಮಾತಿಗೆ ಅಕ್ಕನಿಗೂ ನನಗೂ ಸಣ್ಣ ಜಗಳವೇ ಆಯಿತು. "ನಾವೆಲ್ಲ ಮನೆಯವರ ಥರ ಮೇಡಂ" ಅಂದರು. ಈ ಮಾತು ಕೇಳಿದರೆ ನನಗೆ ಭಯ. ಮನೆಯವರ ಥರ ಅಂದಲ್ಲಿ ಸಂಬಳದ ತಾರೀಖು ಜಾರುತ್ತದೆ, ರಜೆ ಕೇಳಲು ನಾಚಿಕೆಯಾಗುತ್ತದೆ, ಬೈದರೆ ಅಕ್ಕ ತಾನೇ ಅಂತ ನುಂಗಿಕೊಳ್ಳಬೇಕಾಗುತ್ತದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು. ಹತ್ತು ಜನ ಆದ ಮೇಲೆ ಇ.ಎಸ್.ಐ., ಅಂದರೆ ಕೆಲಸದವರ ಕಾಯಿಲೆಗೆ ಆಗುವ ವಿಮೆ, ಮಾಡಿಸಲೇಬೇಕು. ಮಾಲೀಕರದು ಸಂಬಳದ ಶೇ. 3.25, ಕೆಲಸದವರದು ಶೇ. 0.75. ಅಕ್ಕ ಮಾಡಿಸಿರಲಿಲ್ಲ. ಆಪ್ತಸಲಹೆಗೆ ಬಂದವರಿಗೆ ಇ.ಎಸ್.ಐ. ಪುರಾಣ ಯಾಕೆ ಅಂತ ಯಾರಾದರೂ ಕೇಳಬಹುದು. ಜ್ವರ ಬಂದರೆ ಈ ತಿಂಗಳ ಗತಿ ಏನು ಅಂತ ಹೆದರಿ ಕೂತವಳು ಉಪ್ಪು ಜಾಸ್ತಿ ಬಿತ್ತು ಅಂತ ಬಂದು ಹೇಳುತ್ತಾಳೆಯೇ? ನನಗೆ ಎರಡೂ ಒಂದೇ ಭಯ ಅನ್ನಿಸುತ್ತದೆ.

ಉಪ್ಪಿನ ಮಾತು ಸುಮ್ನೆ ಬಂದದ್ದಲ್ಲ. ನನ್ನ ತಪ್ಪು ಇರುವುದು ಅಲ್ಲೇ. ಮೂರನೇ ವಾರ ಒಂದು ಬೆಳಗ್ಗೆ ಉಪ್ಪು ಎರಡು ಸಲ ಬಿತ್ತು. ಅಕ್ಕ ಒಳಗೆ ಹೋಗುವಂತಿಲ್ಲ. ಉಳಿದವರು ಅಕ್ಕನನ್ನು ಕೇಳುವಂತಿಲ್ಲ ಅಂದುಕೊಂಡರು. 11 ಕಿಲೋ ಕೋಡುಬಳೆ ಪ್ಯಾಕೆಟ್ ಆಗಿ ಅಂಗಡಿಗೇ ಹೋಯಿತು. ಅಂಗಡಿಯವರು ಫೋನ್ ಮಾಡಿ ಬೈದರು. ಅಕ್ಕ ನನಗೆ ಫೋನ್ ಮಾಡಿದರು. "ನಿಮ್ಮ ಮಾತು ಕೇಳಿ ಹಿಂಗಾಯ್ತು ಮೇಡಂ." ಹೌದು, ನನ್ನ ಮಾತು ಕೇಳಿಯೇ. ಕೆಡಿಸಲು ಜಾಗ ಕೊಡಿ ಅಂದೆ, ಕೆಟ್ಟದ್ದು ಎಲ್ಲಿ ನಿಲ್ಲಬೇಕು ಅನ್ನಲಿಲ್ಲ. ಅತ್ತೆಯ ಸೊಸೆ ಎರಡು ಒಬ್ಬೆಯನ್ನು ತಿಪ್ಪೆಗೆ ಹಾಕಿದ್ದಳೇ ಹೊರತು ನಾಮಕರಣದ ಮನೆಗೆ ಕಳಿಸಿರಲಿಲ್ಲ. ಕಥೆಯಲ್ಲೇ ಇದ್ದದ್ದು ನನಗೆ ಕಾಣಲಿಲ್ಲ. ಆಮೇಲೆ ಸೇರಿಸಿದೆವು: ಪ್ರತಿ ಒಬ್ಬೆಯನ್ನೂ ಅದನ್ನು ಮಾಡದ ಒಬ್ಬರು ತಿಂದು ನೋಡಿ, ಹಾಳೆಯಲ್ಲಿ ಹೆಸರು ಬರೆದ ಮೇಲೇ ಪ್ಯಾಕಿಂಗ್. ಆ ಒಬ್ಬರು ಅಕ್ಕ ಆಗಿರಬಾರದು. ಇಂಥ ಪ್ರಕರಣದಲ್ಲಿ ಈಗ ನಾನು ಇದನ್ನು ಮೊದಲೇ ಹೇಳುತ್ತೇನೆ.

ಸೌಟಿನ ಹೆಂಗಸು ದಸರಾ ಕಳೆದ ಮೇಲೆ ಬಂದರು. ಅಕ್ಕ ಎಲ್ಲರ ಮುಂದೆ ಹೇಳಬೇಕಾದದ್ದು ಹೇಳಿದರು. ಆಕೆ "ಸರಿ ಬಿಡಿ ಅಕ್ಕ" ಅಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಣಲೆ ಮುಂದೆ ನಿಂತರು. ಮೂರು ತಿಂಗಳಾದ ಮೇಲೆ ಬಿಟ್ಟು ಹೋಗಿ ಮನೆಯಲ್ಲೇ ಹೋಳಿಗೆ ಮಾಡಿ ಮಾರಲು ಶುರುಮಾಡಿದರು. ಅಕ್ಕನಿಗೆ ಸಂಕಟ. ಕಲಿಸಿದರೆ ಬಿಟ್ಟು ಹೋಗುತ್ತಾರೆ ಅನ್ನುವ ಈ ದೂರು ಎಲ್ಲ ಮಾಲೀಕರ ಬಾಯಲ್ಲೂ ಇದೆ. ಹೋಗುತ್ತಾರೆ, ನಿಜ. ಅಕ್ಕನೂ ಒಂದು ದಿನ ಅತ್ತೆಯ ಒರಳು ಹಿಡಿದು ಸ್ವಂತಕ್ಕೆ ಶುರುಮಾಡಿದವರೇ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತೇನೋ.

ಹೋದ ತಿಂಗಳು ಎರಡು ಕಿಲೋ ಚಕ್ಕುಲಿ ಬೇಕು ಅಂತ ಫೋನ್ ಮಾಡಿದ್ದೆ. ಬೆಳಗ್ಗೆ ಹತ್ತು ಗಂಟೆ. ಅಕ್ಕ ಶೆಡ್ಡಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ. ಬೀಜದ ಲೆಕ್ಕ ಕೇಳಿದೆ. ಮೊನ್ನೆ 19 ಅಂದರು. ಏನೋ ಹೇಳುತ್ತಿದ್ದವರು ಅರ್ಧಕ್ಕೇ ನಿಂತರು.

"ಒಂದ್ನಿಮಿಷ ಮೇಡಂ. ಒಳಗೆ ಸದ್ದು ಅಡಗ್ತು. ತೆಗೀಬೇಕು ಈಗ."

ನಾನೂ ಕಿವಿಗೊಟ್ಟೆ. ಕುರ್ಚಿ ಕಿರುಗುಟ್ಟಿದ್ದು ಕೇಳಿತು. ಆಮೇಲೆ ದೂರದಲ್ಲಿ ಪಾತ್ರೆಯ ಅಂಚಿಗೆ ಸೌಟು ತಟ್ಟಿದ ಸದ್ದು.

"ತೆಗೆದ್ರು" ಅಂದರು ಅಕ್ಕ. "ಸ್ವಲ್ಪ ಲೇಟು. ಆದ್ರೂ ತೆಗೆದ್ರು."